ಕಟ್ಟೆಯ ಹಲಗೆಯ ಮೇಲೆ ಪಾಸ್‌ವರ್ಡ್

ಮೊನ್ನೆ ನಮ್ಮ ಮನೆಗೆ ಬಂದ ಬೀಗರೊಬ್ಬರು ಹೊಸ್ತಿಲ ಹೊರಗೆ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲಿರುವಾಗಲೇ ಕೇಳಿದರು, "ವಾಯ್‌ಫಾಯ್ ಪಾಸ್‌ವರ್ಡ್ ಏನ್ರಿ?"

ನೀವೇ ಹೇಳಿ, ಇದು ಯಾವ ಸೀಮೆಯ ರೀತಿ? ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ಅವರು ಕೈಕಾಲು ತೊಳೆದು, ಮುಖ ಒರೆಸಿಕೊಂಡು, "ಮತ್ತ, ಆರಾಮ ಅದೀರಿ?" ಎನ್ನಬೇಕು. ನಾವು "ಹೂಂನ್ರಿ, ನಿಮ್ಮ ಕಡೆ ಮಳಿ ಹ್ಯಾಂಗ?" ಎನ್ನಬೇಕು. ಆಮೇಲೆ ಚಹಾ, ಆಮೇಲೆ ಉಳಿದ ಮಾತು. ಇವರಿಗೆ ನೀರೂ ಬೇಡ, ಮಳೆಯೂ ಬೇಡ. ನನಗೆ ಬಂದ ಸಿಟ್ಟು ನೆತ್ತಿಗೇರಿತು. ಆದರೂ ಬೀಗರು ಬೀಗರೇ. "ಮೊಬೈಲ್ ಕೊಡ್ರಿ ಇಲ್ಲೆ, ನಾನೇ ಹಾಕಿ ಕೊಡತೇನಿ" ಎಂದು ಕೈ ಚಾಚಿದೆ.

ಕೊಟ್ಟರು. ಕೊಟ್ಟವರು ನನ್ನ ಹೆಗಲ ಮೇಲಿಂದ ಇಣುಕಿ, ನನ್ನ ಬೆರಳು ಎಲ್ಲೆಲ್ಲಿ ಹೋಗುತ್ತದೆಂದು ನೋಡತೊಡಗಿದರು. "ಮಾರಿ ಆ ಕಡೆ ಹೊರಳಿಸ್ರಿ" ಎಂದೆ. ಚೇಷ್ಟೆ ಎಂದುಕೊಂಡು ಹೊಟ್ಟೆ ಕುಣಿಯುವಂತೆ ನಕ್ಕರು. ಮುಖ ಮಾತ್ರ ಹೊರಳಿಸಲಿಲ್ಲ.

ಬಂಧುಬಳಗದಲ್ಲಿ ನನ್ನ ಬಗ್ಗೆ ಒಂದು ಮಾತಿದೆ. "ಶೈಲಾ ಟೀಚರ್ ಗಾಳಿಗೂ ಕೀಲಿ ಹಾಕ್ಯಾಳ." ಹೌದು, ಹಾಕಿದ್ದೇನೆ. ಏಕೆ ಹಾಕಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಎಲ್ಲರೂ ಕೇಳುವುದು ಕೀಲಿಕೈಯನ್ನೇ.

ಬೀಗರು ಹೋದ ಮೇಲೆ ಸಿಟ್ಟು ಇಳಿಯಲೆಂದು ಅಟ್ಟದ ಟ್ರಂಕು ತೆಗೆದು ಹಳೆಯ ಪಾತ್ರೆ ಹೊಂದಿಸಲು ಕುಳಿತೆ. ಸಿಟ್ಟು ಬಂದಾಗ ಪಾತ್ರೆ ಸದ್ದು ಮಾಡುವುದು ನನ್ನ ತವರಿನ ಬಳುವಳಿ. ಎರಡು ಪರಾತಗಳ ನಡುವೆ ನಮ್ಮ ಮೊದಲ ವಾಯ್‌ಫಾಯ್‌ನ ಹಳೆಯ ಮೋಡೆಮ್ ಸಿಕ್ಕಿತು. ಆಗ ಬೆಳ್ಳಗಿದ್ದದ್ದು ಈಗ ಹಳದಿಯಾಗಿದೆ. ಎರಡು ಕೋಡುಗಳಲ್ಲಿ ಒಂದು ಮುರಿದಿದೆ. ನೆತ್ತಿಯ ಮೇಲೆ ಎಂದೋ ದಸರೆಯ ಖಂಡೇಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಅಂಟಿಕೊಂಡಿದೆ. ಇಳಿಯಬೇಕಾಗಿದ್ದ ಸಿಟ್ಟು ಹದಿನೈದು ವರ್ಷ ಹಿಂದಕ್ಕೆ ಹೋಗಿ ಅಲ್ಲಿಂದ ಇನ್ನಷ್ಟನ್ನು ಹೊತ್ತು ತಂದಿತು.

ಹಾಗಂತ ನಾನೇನು ಹುಟ್ಟಿನಿಂದಲೇ ಗುಟ್ಟು ಕಾಯುವ ಹೆಂಗಸಲ್ಲ. ನಾನು ಬೆಳೆದದ್ದು ಇಂಡಿಯಲ್ಲಿ, ತೊಂಬತ್ತರ ದಶಕದಲ್ಲಿ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಎದುರು ಮನೆಯ ವಕೀಲರದು. ನಮ್ಮಪ್ಪನದು ನಿಂಬೆಕಾಯಿಯ ವ್ಯಾಪಾರ. ಆತ ಎಲ್ಲರಿಗೂ ವಕೀಲರ ನಂಬರನ್ನೇ ಕೊಟ್ಟು ಅದರ ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದ. ಅಂದರೆ ಈ ಫೋನು ನಮ್ಮದಲ್ಲ, ಆದರೆ ಕೂಗಿದರೆ ನಾವು ಬರುತ್ತೇವೆ ಎಂದು. ಆ ಫೋನು ವಕೀಲರ ಪಡಸಾಲೆಯ ನಟ್ಟನಡುವೆ ಕ್ರೋಷಾ ಹೊದಿಕೆ ಹೊದ್ದು ಕುಳಿತಿರುತ್ತಿತ್ತು. ಕರೆ ಬಂದರೆ ವಕೀಲರ ಹೆಂಡತಿ ಕಿಟಕಿಯಿಂದ ಕೂಗುವರು: "ನಿಂಬಿಕಾಯಿ ಸಿದ್ರಾಮಣ್ಣಾ, ಸೊಲ್ಲಾಪುರ ಫೋನ್ ಬಂದೈತಿ!" ಅಪ್ಪ ಬನಿಯನ್ ಮೇಲೆ ಅಂಗಿ ಏರಿಸುತ್ತ ಓಡುವನು. ಹಿಂದೆ ನಾನು. ಅಪ್ಪ 'ಹಲೋ' ಎಂದೊಡನೆ ವಕೀಲರ ಮನೆಯಲ್ಲಿ ಟಿ.ವಿ. ಸದ್ದು ಇಳಿಯುತ್ತಿತ್ತು, ವಕೀಲರು ಪೇಪರು ಮಡಚುತ್ತಿದ್ದರು, ಒಳಗೆ ಕುಟ್ಟುತ್ತಿದ್ದ ಖಾರ ನಿಲ್ಲುತ್ತಿತ್ತು. ನಮಗೆ ಸರಿಯಾಗಿ ಕೇಳಿಸಲಿ ಎಂಬ ಸೌಜನ್ಯ ಅದು ಎಂದು ನಾನು ಬಹಳ ವರ್ಷ ನಂಬಿದ್ದೆ.

ಒಂದು ಸಲ ಅಕ್ಕನನ್ನು ನೋಡಿಹೋಗಿದ್ದ ಸೊಲ್ಲಾಪುರದವರ ಫೋನು ಬಂತು. ಅಪ್ಪ ಆಡಿದ್ದು ಮೂರೇ ಮಾತು: "ಹೂಂ. ಹೌದ್ರಿ. ಇರಲಿ ಬಿಡ್ರಿ." ಅಪ್ಪ ಮುಂಬಾಗಿಲಲ್ಲಿ ಚಪ್ಪಲಿ ಹುಡುಕುವಷ್ಟರಲ್ಲಿ ವಕೀಲರ ಹೆಂಡತಿ ಹಿತ್ತಿಲ ಬಾಗಿಲಿಂದ ನಮ್ಮ ಅಡುಗೆಮನೆ ಸೇರಿ, "ಹೋಗ್ಲಿ ತಗೋರಿ, ಆ ಹುಡುಗನ ಮೂಗು ಎಲ್ಲಿ ಸರಿ ಇತ್ತು?" ಎಂದು ಅವ್ವನನ್ನು ಸಮಾಧಾನ ಮಾಡಲು ಕುಳಿತಿದ್ದರು. ಅಕ್ಕ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. ತನ್ನನ್ನು ಒಲ್ಲೆ ಎಂದಿದ್ದಾರೆ ಎಂಬುದು ಅವಳಿಗೆ ತಿಳಿದದ್ದು ಹೀಗೆ, ಯಾರದೋ ಮೂಗಿನ ಮೂಲಕ. ಆ ದಿನ ಅವಳು ರೊಟ್ಟಿ ಬಡಿದ ಸಪ್ಪಳ ನನಗೆ ಇನ್ನೂ ಕೇಳಿಸುತ್ತದೆ.

ನಾನೇನು ಕಡಿಮೆಯೇ? ಪಕ್ಕದ ಮನೆಗೆ ಕೀಲಿ ಹಾಕಿದ್ದರೆ ಅಂಚೆಯಣ್ಣ ಅವರ ಕಾಗದಗಳನ್ನು ನಮ್ಮಲ್ಲಿ ಕೊಟ್ಟುಹೋಗುತ್ತಿದ್ದ. ನೀಲಿ ಇನ್‌ಲ್ಯಾಂಡ್ ಲೆಟರ್‌ನ ಎರಡೂ ಅಂಚನ್ನು ಮೆಲ್ಲಗೆ ಒತ್ತಿದರೆ ಅದು ಕೊಳವೆಯ ಹಾಗೆ ಬಾಯಿ ತೆರೆಯುತ್ತದೆ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಆ ಬಾಯಿಗೆ ಇಟ್ಟರೆ ಒಳಗಿನ ಅಕ್ಷರ ಕಾಣುತ್ತದೆ. ಪೂರ್ತಿ ವಾಕ್ಯ ಸಿಗುವುದಿಲ್ಲ. 'ಅವ್ವನ ಮುಂದೆ ಹೇಳಬೇಡ' ಎಂದೋ 'ಅಮಾಸಿ ಆದ ಮೇಲೆ' ಎಂದೋ ತುಂಡು ಸಿಗುತ್ತದೆ. ಉಳಿದದ್ದನ್ನು ನಾನು ನನ್ನ ಪ್ರತಿಭೆಯಿಂದ ತುಂಬಿಕೊಂಡು ಗೆಳತಿಯರಿಗೆ ಹೇಳುತ್ತಿದ್ದೆ. ಆಗ ನನಗೆ ಹನ್ನೆರಡು ವರ್ಷ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅಷ್ಟೇ.

ಸಿಂದಗಿಗೆ ಸೊಸೆಯಾಗಿ ಬಂದೆ. ಅಲ್ಲಿಯ ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸವೂ ಸಿಕ್ಕಿತು. ಇವರದು, ಅಂದರೆ ನನ್ನ ಗಂಡನದು, ಮುದ್ದೇಬಿಹಾಳದಲ್ಲಿ ನೌಕರಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ವಾರದ ಐದು ದಿನ ಮನೆಯಲ್ಲಿ ನಾನು ಮತ್ತು ಮಾವ, ಇಬ್ಬರೇ.

ಮಾವ ನಿವೃತ್ತ ಹೆಡ್‌ಮಾಸ್ತರರು. ನೌಕರಿ ಬಿಟ್ಟು ಬರುವಾಗ ಎಲ್ಲರೂ ಶಾಲು, ತೆಂಗಿನಕಾಯಿ ತಂದರೆ ಇವರು ಶಾಲೆಯವರನ್ನು ಕೇಳಿ ಒಂದು ಹಳೆಯ ಕರಿಹಲಗೆ ತಂದಿದ್ದರು. ಅದನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ತೂಗುಹಾಕಿ ದಿನವೂ ಬೆಳಿಗ್ಗೆ ಸ್ನಾನವಾದ ಮೇಲೆ ದುಂಡಗಿನ ಅಕ್ಷರದಲ್ಲಿ ಒಂದು ಗಾದೆ ಬರೆಯುವರು. ಬಸ್ ಸ್ಟ್ಯಾಂಡಿಗೆ ಹೋಗುವವರು ಒಂದು ಗಳಿಗೆ ನಿಂತು ಓದಿ ಹೋಗುವರು. ಬೇಸಿಗೆ ಬಂತೆಂದರೆ ಹಲಗೆಯ ಕೆಳಗೇ ಎರಡು ದೊಡ್ಡ ಮಣ್ಣಿನ ಹರವಿ ಇಟ್ಟು, ಒದ್ದೆ ಬಟ್ಟೆ ಸುತ್ತಿ, ದಾರಿಹೋಕರಿಗೆ ಅರವಟಿಗೆ ನಡೆಸುವರು. ಕೇಳಿದವರಿಗೆ ನೀರು ಇಲ್ಲ ಅನ್ನಬಾರದು, ಕೇಳದವರನ್ನೂ ಕರೆದು ಕುಡಿಸಬೇಕು ಎಂಬುದು ಅವರ ನೇಮ.

ಎರಡು ಸಾವಿರದ ಒಂಬತ್ತರ ಸುಮಾರಿಗೆ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಜೋಡಿಸಲು ಬಂದ ಕಂಪ್ಯೂಟರ್ ಅಂಗಡಿಯವನು ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದಾಗ ಮಾವ, "ಊರ ಹೆಸರು ಇಡಪಾ, ಮುಂದ ಒಂದ ಎರಡ ಮೂರ" ಎಂದರು. ವಾರದೊಳಗೆ ಓಣಿಯಲ್ಲಿದ್ದ ಲ್ಯಾಪ್‌ಟಾಪಿನವರೆಲ್ಲ ಒಬ್ಬೊಬ್ಬರಾಗಿ ಬಂದು ಪಾಸ್‌ವರ್ಡ್ ಕೇಳತೊಡಗಿದರು. ಬರುವುದೂ ಮಾವ ಉಂಡು ಅಡ್ಡಾದ ಹೊತ್ತಿಗೇ. ಮೂರು ದಿನ ನಿದ್ದೆ ಕೆಟ್ಟಿತು. ನಾಲ್ಕನೆಯ ದಿನ ನಾನು ಕಾಲೇಜಿನಿಂದ ಬರುತ್ತೇನೆ, ಕಟ್ಟೆಯ ಹಲಗೆಯಲ್ಲಿ ಅಂದಿನ ಗಾದೆ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ನಮ್ಮ ಪಾಸ್‌ವರ್ಡ್! ಪಕ್ಕದಲ್ಲಿ ಸೂಚನೆ ಬೇರೆ: 'ಎಲ್ಲವೂ ಸಣ್ಣ ಅಕ್ಷರ. ನಡುವೆ ಜಾಗ ಬಿಡಬಾರದು.'

"ಅಪ್ಪಾರ, ಇದನ್ನ ಹಿಂಗ ಬರೀಬಾರದ್ರಿ" ಎಂದೆ, ನಗು ತಡೆಯುತ್ತ.

"ಯಾಕವಾ? ನೀರಿಗೆ ಅರವಟಗಿ ಇಟ್ಟಂಗ ಇದಕ್ಕೂ ಒಂದು. ನಾವು ಕೊಟ್ರ ನಮ್ಮದೇನ್ ಸವೀತೈತಿ?"

ನಾನೂ ಹೆಮ್ಮೆಯಿಂದ ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದೆ, ನಮ್ಮ ಮಾವನ ಅರವಟಿಗೆಯ ಕಥೆ. ಮೋಡೆಮ್ ಮೊದಲು ಒಳಕೋಣೆಯಲ್ಲಿತ್ತು. ಬೀದಿಗೆ ಚೆನ್ನಾಗಿ ಸಿಗಲಿ ಎಂದು ಮಾವ ಅದನ್ನು ಮುಂಬಾಗಿಲ ಪಕ್ಕದ ದೀಪದ ಮಾಡದಲ್ಲಿ ತಂದಿಟ್ಟರು. ಇಡುವಾಗ ನಾನೇ ವೈರು ಹಿಡಿದುಕೊಂಡಿದ್ದೆ.

ಇನ್ನೊಂದು ಘನಕಾರ್ಯ ನನ್ನದೇ. ಪ್ರಿಂಟರ್ ಇದ್ದದ್ದು ಪಡಸಾಲೆಯ ದೊಡ್ಡ ಕಂಪ್ಯೂಟರಿಗೆ. ಇವರ ಲ್ಯಾಪ್‌ಟಾಪಿನಿಂದಲೂ ಅಲ್ಲಿಗೆ ಪ್ರಿಂಟ್ ಕೊಡುವಂತಾಗಲಿ ಎಂದೆ. ಅಂಗಡಿಯವನು "ಎಲ್ಲಾ ಶೇರಿಂಗ್‌ದಾಗ ಇಟ್ಟಬಿಡತೇನ್ರಿ ಮೇಡಂ, ತ್ರಾಸೇ ಇಲ್ಲ" ಎಂದು ಕಂಪ್ಯೂಟರಿನ ಒಂದು ಇಡೀ ಡ್ರೈವನ್ನೇ ತೆರೆದಿಟ್ಟು ಹೋದ. ಅಂದರೆ ನಮ್ಮ ವಾಯ್‌ಫಾಯ್ ಹಿಡಿದವರೆಲ್ಲ ನಮ್ಮ ಕಂಪ್ಯೂಟರಿನ ಕಪಾಟನ್ನೂ ತೆಗೆದು ನೋಡಬಹುದು. ಇದು ನನಗೆ ಗೊತ್ತಾಗಲಿಲ್ಲ. ಓಣಿಗೆ ಗೊತ್ತಾಯಿತು. ಮಾವ ಕೂಡಿಸಿಟ್ಟಿದ್ದ ಭಜನೆಯ ಹಾಡುಗಳು ಪಕ್ಕದ ಗೌರಕ್ಕನ ಮನೆಯಿಂದ ಕೇಳಿಸತೊಡಗಿದಾಗ, ಅವರೂ ಕ್ಯಾಸೆಟ್ ತಂದಿರಬೇಕು ಎಂದುಕೊಂಡ ಜಾಣೆ ನಾನು.

ಅದೇ ಡ್ರೈವಿನಲ್ಲಿ ನನ್ನ ಕೆಲವು ಪತ್ರಗಳಿದ್ದವು. ಯಾರಿಗೂ ಕಳಿಸದ ಪತ್ರಗಳು. ಎರಡು ವರ್ಷಗಳಲ್ಲಿ ನನಗೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೆಯ ಸಲ ಬಸವನ ಬಾಗೇವಾಡಿಯ ಅಕ್ಕನ ಮನೆಗೆ ಎಂದು ಹೇಳಿ, ಇವರೊಂದಿಗೆ ಮಿರಜಿನ ಆಸ್ಪತ್ರೆಗೆ ಹೋಗಿ ಬಂದಿದ್ದೆ. ಮಾವನಿಗೆ ಹೇಳಿರಲಿಲ್ಲ. ಅವರು ನೊಂದುಕೊಳ್ಳುವರು ಎಂದಲ್ಲ. ಯಾರಾದರೂ ಕನಿಕರದಿಂದ ನೋಡಿದರೆ ನನಗೆ ಆಗ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹಾಗಾಗಿ ಆ ಹೋದ ಕೂಸಿಗೇ ಬರೆಯುತ್ತಿದ್ದೆ. ಅದಕ್ಕೊಂದು ಹೆಸರಿಟ್ಟಿದ್ದೆ. ಇವರಿಗೂ ಹೇಳದ ಹೆಸರು.

ಮನೆಯವರ ಕಣ್ಣಿಗೆ ಬೀಳದಿರಲಿ ಎಂದು ಆ ಪತ್ರಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ ಅದಕ್ಕೆ 'ಹಳೆ ಪ್ರಶ್ನೆಪತ್ರಿಕೆಗಳು' ಎಂದು ಹೆಸರು ಕೊಟ್ಟೆ. ಇತಿಹಾಸದ ಹಳೆ ಪ್ರಶ್ನೆಪತ್ರಿಕೆಯನ್ನು ಈ ಲೋಕದಲ್ಲಿ ಯಾರು ಬಯಸಿ ತೆಗೆಯುತ್ತಾರೆ? ಗೌರಕ್ಕನ ಸೊಸೆ ರೇಖಾ ತೆಗೆಯುತ್ತಾಳೆ. ಅವಳು ಆ ವರ್ಷ ಮನೆಯಲ್ಲೇ ಕುಳಿತು ಬಿ.ಎ. ಪರೀಕ್ಷೆ ಕಟ್ಟಿದ್ದಳು. ವಿಷಯ ಇತಿಹಾಸ.

ಶ್ರಾವಣದ ಎರಡನೆಯ ಶುಕ್ರವಾರ ಗೌರಕ್ಕನ ಮನೆಯಲ್ಲಿ ಅರಿಸಿನ ಕುಂಕುಮ. ಓಣಿಯ ಹತ್ತು ಹನ್ನೆರಡು ಹೆಂಗಸರು. ಗೌರಕ್ಕ ಒಬ್ಬೊಬ್ಬರಿಗೂ ಉಡಿ ತುಂಬುತ್ತ ಬಂದರು. ಎಲ್ಲರಿಗೂ ಒಂದು ಬೊಗಸೆ ಅಕ್ಕಿ, ಒಂದು ಕಾಯಿ, ಜಂಪರ್ ಬಟ್ಟೆ. ನನ್ನ ಸರದಿ ಬಂದಾಗ ಎರಡು ಕಾಯಿ ಇಟ್ಟರು. ಏಕೆಂದು ನಾನು ತಲೆ ಎತ್ತುವಷ್ಟರಲ್ಲಿ ನನ್ನ ಗಲ್ಲ ಸವರಿ, ಎಲ್ಲರೂ ಕೇಳುವಂತೆ ಹೇಳಿದರು:

"ಎರಡ ಸಲ ಹೋತಂತ ಎದಿ ಒಡಕೋಬ್ಯಾಡವಾ ಶೈಲಾ. ಬಾಗೇವಾಡಿಗಂತ ಹೇಳಿ ಮಿರಜಿಗೆ ಹೋಗಿ ಬಂದ್ಯಲ್ಲ, ಮದಲ ನನಗ ಹೇಳಿದ್ರ ನಮ್ಮ ತವರ ಊರಿನ ಔಷಧ ತರಸತಿದ್ನಿ. ನೋಡತಿರು, ಮೂರನೇದು ನಿಂದರತೈತಿ. ಅದಕ್ಕ ಅದ ಹೆಸರ ಇಡು, ಛಲೋ ಐತಿ."

ಎಂದು ಆ ಹೆಸರನ್ನು ಹೇಳಿದರು. ಹನ್ನೆರಡು ಹೆಂಗಸರ ನಡುವೆ, ಬಾಯಿ ತುಂಬ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವು ಎಷ್ಟೇ ಹತ್ತಿರದವರಾಗಿರಿ, ನಿಮಗೂ ಹೇಳುವುದಿಲ್ಲ.

"ನಿಮಗ ಯಾರ್ ಹೇಳಿದ್ರು?" ಎಂದೆ.

"ಯಾರ್ ಹೇಳಬೇಕು? ರೇಖಾ ಪೇಪರ್ ಹುಡಕಾಕ ಹ್ವಾದ್ಲು, ನಿಮ್ಮ ಕಂಪ್ಯೂಟರ್‌ದಾಗ ಇತ್ತಂತ. ಓದಿ ಓದಿ ಅತ್ತಾಳ ಪಾಪ. ಅದಕ್ಯಾಕ ಮಾರಿ ಹಿಂಗ ಮಾಡತಿ? ನಾವೇನ್ ಹೊರಗಿನವರೇನು?"

ನಾನು ಕೇಳಿದ ಎಲ್ಲ ಮಾತುಗಳಲ್ಲಿ ಅತ್ಯಂತ ಕೆಟ್ಟ ಮಾತು ಇದು. ನಾವೇನು ಹೊರಗಿನವರೇನು! ಬಾಗಿಲು ತಟ್ಟದೆ ಬರುವವರ ಮಾತು, ಪಾತ್ರೆಯ ಮುಚ್ಚಳ ತೆಗೆದು ನೋಡುವವರ ಮಾತು. ಹೊರಗಿನವರಾದರೆ ನಾಚಿಕೆಗಾದರೂ ಸುಮ್ಮನಿರುತ್ತಾರೆ. ಒಳಗಿನವರಿಗೆ ಹಕ್ಕಿದೆ, ಅವರು ಓದುತ್ತಾರೆ, ಓದಿ ಅಳುತ್ತಾರೆ, ಅತ್ತು ಊರಿಗೆಲ್ಲ ಹೇಳುತ್ತಾರೆ. ಗೌರಕ್ಕನ ಕಣ್ಣಲ್ಲಿ ನಿಜವಾಗಿ ನೀರಿತ್ತು, ಅದು ನನ್ನನ್ನು ಇನ್ನೂ ಉರಿಸಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಅವರ ಜೊತೆ ಜಗಳವಾಡಿ ಹಗುರಾಗಬಹುದಿತ್ತು.

ಉಡಿಯ ಅಕ್ಕಿ ದಾರಿಯುದ್ದಕ್ಕೂ ಚೆಲ್ಲುತ್ತ ಮನೆಗೆ ಬಂದೆ. ಕಟ್ಟೆಯ ಹಲಗೆಯಲ್ಲಿ ಅಂದಿನ ಗಾದೆ ಇತ್ತು: 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.' ಅದರ ಕೆಳಗೆ ಎಂದಿನಂತೆ ಪಾಸ್‌ವರ್ಡ್, ಎಲ್ಲವೂ ಸಣ್ಣ ಅಕ್ಷರ. ಸೆರಗಿನಿಂದಲೇ ಇಡೀ ಹಲಗೆಯನ್ನು ಒರೆಸಿ ಹಾಕಿದೆ.

ಸಪ್ಪಳ ಕೇಳಿ ಮಾವ ಹೊರಬಂದರು. "ಯಾಕವಾ? ಗಾದಿ ಏನ್ ತಪ್ಪ ಮಾಡಿತ್ತು?"

ಆಗ ನನ್ನ ಬಾಯಿಯ ಕಟ್ಟೆ ಒಡೆಯಿತು. ಯಾರಿಗೆ ಎರಡು ವರ್ಷ ಒಂದು ಮಾತೂ ಹೇಳಿರಲಿಲ್ಲವೋ ಅವರ ಮುಂದೆಯೇ ಎಲ್ಲವನ್ನೂ ಚೀರಿ ಹೇಳಿದೆ. ಮಿರಜು, ಪತ್ರ, ರೇಖಾ, ಎರಡು ಕಾಯಿ. "ನಿಮ್ಮ ಅರವಟಗಿ ನಿಮಗಿರಲಿ ಅಪ್ಪಾರ! ಊರ ಮಂದಿ ಎಲ್ಲಾ ಕುಡದು ಹೋಗ್ಯಾರ, ನನ್ನ ಹೊಟ್ಟಿಯಾಗಿಂದೂ ಬಿಟ್ಟಿಲ್ಲ!" ಎಂದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗುಟ್ಟು ಹೋಯಿತೆಂದು ಬೀದಿಯಲ್ಲಿ ನಿಂತು ಕೂಗಿದ ಮೊದಲ ಹೆಂಗಸು ನಾನೇ ಇರಬೇಕು.

ಮಾವ ನನ್ನನ್ನು ಒಳಗೆ ಕರೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಟ್ಟೆಯ ಮೇಲೆ ಕುಳಿತರು. ನನ್ನ ಕಡೆ ನೋಡದೆ ಮಾತಾಡಿದರು.

"ಅಗರಖೇಡದಾಗ ಮಾಸ್ತರಕಿ ಮಾಡುವಾಗ ಓದು ಬಾರದ ಹೆಣಮಕ್ಕಳ ಕಾಗದ ನಾನೇ ಓದತಿದ್ನಿ. ಗಂಡ ಬರದಿದ್ದು, ಅಣ್ಣ ಬರದಿದ್ದು. ಏನೇನ್ ಇರತಿದ್ವು ಅದರಾಗ. ಓದಿ ಮುಗಿಸಿ, ಮಡಚಿ ಅವರ ಕೈಯಾಗ ಕೊಟ್ಟು, ಅಲ್ಲೇ ಮರತು ಎದ್ದು ಬರತಿದ್ನಿ. ನಿಮ್ಮ ಅತ್ತಿ ಎಷ್ಟ ಸಲ ಕೇಳಿದ್ಲು, ಒಂದು ಮಾತು ಹೇಳಿಲ್ಲ." ಒರೆಸಿದ ಹಲಗೆಯ ಕಡೆ ನೋಡಿದರು. "ಮಂದಿ ಕಾಗದ ಅಷ್ಟ ಜ್ವಾಪಾನ ಮಾಡಿದಂವ, ನನ್ನ ಮನಿ ಮಗಳ ಕಾಗದ ಹಲಗಿ ಮ್ಯಾಲೆ ಹಚ್ಚಿಟ್ಟೆ. ಅರವಟಗಿ ಅಂಗಳದಾಗ ಇಡಬೇಕವಾ. ನಾನು ಅಡಗಿಮನಿ ಬಾಗಲಾ ತಗದ ಇಟ್ಟೆ. ತಪ್ಪು ನಂದು."

ಸೊಸೆ ಎನ್ನಲಿಲ್ಲ, ಮಗಳು ಎಂದರು. ನಾನು ಆಗ ಅತ್ತುಬಿಟ್ಟೆ, ಅದುವರೆಗೆ ಅಳದಿದ್ದಷ್ಟನ್ನೂ ಸೇರಿಸಿ.

ಮರುದಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಪಾಟೀಲ ಸರ್‌ ಅವರನ್ನು ಹಿಡಿದೆ. ಅವರು ಮನೆಗೆ ಬಂದು ಮೋಡೆಮನ್ನು ಮಗುಚಿ ನೋಡಿ, "ಮೇಡಂ, ಇದಕ್ಕ ಎರಡು ಕೀಲಿ ಇರತಾವ್ರಿ" ಎಂದು ಶುರು ಮಾಡಿದರು. ಒಂದು ವಾಯ್‌ಫಾಯ್ ಹಿಡಿಯುವುದಕ್ಕೆ, ಮತ್ತೊಂದು ಆ ಪೆಟ್ಟಿಗೆಯ ಒಳಗೇ ಹೋಗಿ ಮೊದಲನೆಯ ಕೀಲಿಯನ್ನು ಬದಲಿಸುವುದಕ್ಕೆ. ಆ ಎರಡನೆಯದು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. "ಬಾಗಲಕ್ಕ ಕೀಲಿ ಜಡದು ಕೀಲಿಕೈ ಅದಕ್ಕೇ ಜೋತುಬಿಟ್ಟಂಗ ಆಗೇತ್ರಿ" ಎಂದರು. ಓಣಿಯ ಯಾರಾದರೂ ಮನಸ್ಸು ಮಾಡಿದ್ದರೆ ನಮ್ಮನ್ನೇ ನಮ್ಮ ವಾಯ್‌ಫಾಯ್‌ನಿಂದ ಹೊರಗೆ ಹಾಕಬಹುದಿತ್ತಂತೆ. ಶೇರಿಂಗ್ ತೆಗೆಸಿದೆ. ಎರಡೂ ಕೀಲಿ ಬದಲಿಸಿದೆ. ಹೊಸ ಪಾಸ್‌ವರ್ಡ್ ಯಾರ ಹೆಸರೂ ಅಲ್ಲ, ಊರೂ ಅಲ್ಲ, ಅರ್ಥವಿಲ್ಲದ ಅಕ್ಷರ ಅಂಕಿಗಳ ಗೊಜ್ಜು. ಮೋಡೆಮನ್ನು ದೀಪದ ಮಾಡದಿಂದ ತೆಗೆದು ಒಳಗಿಟ್ಟೆ.

ಓಣಿಗೆ ಸಿಟ್ಟು ಬಂತು! ಇದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಪತ್ರ ಓದಿದ್ದು ಅವರು, ಮುನಿಸಿಕೊಂಡದ್ದೂ ಅವರೇ. ಗೌರಕ್ಕ ಕಟ್ಟೆಯ ಮುಂದೆ ನಿಂತು, "ಬದಲಿ ಮಾಡೀರಂತಲ್ಲ ಮಾಸ್ತರ? ನಾವೇನ್ ಕಳ್ಳರೇನ್ರಿ?" ಎಂದರು. ಅರವಟಿಗೆ ಮುಚ್ಚಿದ ಪಾಪ ಎಂದು ಬೇರೆ ಯಾರೋ ದನಿಗೂಡಿಸಿದರು. ಮಾವ ಕೈ ಮುಗಿದು, "ನೀರು ಐತಿ ನೋಡ್ರಿ ಗೌರಕ್ಕಾ, ಎಷ್ಟ ಬೇಕ ಅಷ್ಟ ಕುಡೀರಿ. ಅದನ್ನ ಮಾತ್ರ ಕೇಳಬ್ಯಾಡ್ರಿ. ಅದು ಏನೈತೆಂತ ನನಗೂ ಗೊತ್ತಿಲ್ಲ" ಎಂದರು.

ಅದು ಸುಳ್ಳಾಗಿರಲಿಲ್ಲ. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡಲು ಹೋದಾಗ ಅವರು ಕೈ ಹಿಂದಕ್ಕೆ ಎಳೆದುಕೊಂಡಿದ್ದರು. "ನನಗ ಹೇಳಬ್ಯಾಡವಾ. ಹಲಗಿ ಕಂಡ್ರ ನನ್ನ ಕೈ ಬರೀತೈತಿ." ರೇಖಾ ಒಂದು ದಿನ ತಲೆ ತಗ್ಗಿಸಿಕೊಂಡು ಬಂದು, ಒಂದೂ ಮಾತಾಡದೆ ಅರ್ಧ ತಾಸು ಕುಳಿತು ಹೋದಳು. ಅವಳನ್ನು ಕ್ಷಮಿಸಿದೆ, ಪ್ರಶ್ನೆಪತ್ರಿಕೆಗಳನ್ನೂ ಕೊಟ್ಟೆ, ನಿಜವಾದವು. ಗೌರಕ್ಕನನ್ನು ಕ್ಷಮಿಸಿದ್ದೇನೆಯೇ ಎಂದು ನನ್ನನ್ನು ಕೇಳಬೇಡಿ. ಮುಂದೆ ನನಗೆ ಮಕ್ಕಳಾದವೇ ಎಂದೂ ಕೇಳಬೇಡಿ. ಅದು ನನ್ನದು.

ಹೊಸ ಪಾಸ್‌ವರ್ಡ್ ಬಂದ ಮೇಲೂ ಮಾವನಿಗೆ ಇಂಟರ್‌ನೆಟ್ ಬೇಕಾಗಿತ್ತು. ದಿನಾ ಸಂಜೆ ಇವರ ಹಳೆಯ ಲ್ಯಾಪ್‌ಟಾಪಿನಲ್ಲಿ ಪೇಪರು ಓದುವರು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಅದು ಕೇಳಿದಾಗ ಬೇಡ ಎಂದು ಒತ್ತುವಂತೆ ಅವರೇ ಹೇಳಿದ್ದರು. ಹೀಗಾಗಿ ನಾನು ಕಾಲೇಜಿನಿಂದ ಬಂದೊಡನೆ ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವರು, ನನ್ನ ಮುಂದೆ ಮೇಜಿನ ಮೇಲೆ ಇಡುವರು, ಇಟ್ಟು ಗೋಡೆಯ ಕಡೆ ತಿರುಗಿ ನಿಲ್ಲುವರು. ನಲವತ್ತು ವರ್ಷ ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಹೆಡ್‌ಮಾಸ್ತರರು. ಹಾಗೆ ನಿಲ್ಲಿ ಎಂದು ಅವರಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ.

ಒಂದು ಸಂಜೆ ಪಾಸ್‌ವರ್ಡ್ ಹೊಡೆದು ಮುಗಿಸುವುದಕ್ಕೂ ಒಳಗೆ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಎದ್ದು ಓಡಿದೆ. ಒಲೆ ಒರೆಸಿದೆ, ಚಹಾಕ್ಕೆ ಇಟ್ಟೆ, ಆ ಗಲಾಟೆಯಲ್ಲಿ ಅವರನ್ನು ಮರೆತೇಬಿಟ್ಟೆ. ಚಹಾ ಸೋಸಿಕೊಂಡು ಪಡಸಾಲೆಗೆ ಬಂದಾಗ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಪೇಪರು ತೆರೆದುಕೊಂಡಿತ್ತು. ಮಾವ ಇನ್ನೂ ಗೋಡೆಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತಿದ್ದರು.

"ಆತೇನವಾ?" ಎಂದರು.